ಮತವಿಲ್ಲದವರ ರಸ್ತೆ

ಸುಮತಿಯ ಕಾಲು ಹೋದದ್ದು ಲಾಂಡ್ರಿಯ ಗೇಟಿನಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ. ಹಂಸಾ ಅವಳ ಹಿಂದೆಯೇ ನಡೆಯುತ್ತಿದ್ದಳು.

ವೆಲ್ಷ್‌ಪೂಲ್ ಎಂದರೆ ಪರ್ತ್‌ನ ಗೋದಾಮುಗಳ ಪ್ರದೇಶ. ತಗಡಿನ ಶೆಡ್ಡುಗಳು, ತಂತಿಬೇಲಿಗಳು, ಎರಡೆರಡು ಟ್ರೇಲರ್ ಎಳೆಯುವ ಲಾರಿಗಳು. ರೈಲಿನಿಂದ ಇಳಿದವರು ಲಾಂಡ್ರಿಗೆ ನಡೆದೇ ಹೋಗಬೇಕು. ಆ ರಸ್ತೆಗೆ ಫುಟ್‌ಪಾತ್ ಇರಲಿಲ್ಲ. ಇದ್ದ ಮಣ್ಣಿನ ಅಂಚಿನಲ್ಲಿ ಲಾರಿಗಳು ನಿಂತಿರುತ್ತಿದ್ದವು. ಲಾರಿ ಅಡ್ಡ ಬಂದಾಗ ರಸ್ತೆಗೆ ಇಳಿಯಬೇಕು. ಅದನ್ನು ದಾಟಿ ಮತ್ತೆ ಮಣ್ಣಿಗೆ ಹತ್ತಬೇಕು. ಚಳಿಗಾಲದಲ್ಲಿ ಬೆಳಗಿನ ಶಿಫ್ಟಿಗೆ ಹೋಗುವಾಗ ಇನ್ನೂ ಕತ್ತಲು. ದೀಪದ ಕಂಬ ಒಂದಿತ್ತು. ಇನ್ನೊಂದು ಬಹಳ ದೂರ.

ಆ ದಿನ ಮಳೆ ಹನಿಯುತ್ತಿತ್ತು. ಸುಮತಿ ನಿಂತ ಲಾರಿಯೊಂದನ್ನು ಬಳಸಿ ಹೋಗಲು ರಸ್ತೆಗೆ ಇಳಿದಳು. ಹಿಂದಿನಿಂದ ಬಂದ ಇನ್ನೊಂದು ಲಾರಿಯ ಕನ್ನಡಿ ಅವಳ ಹೆಗಲಿಗೆ ಬಡಿಯಿತು. ಬಿದ್ದಳು. ಟ್ರೇಲರಿನ ಚಕ್ರ ಅವಳ ಎಡಗಾಲಿನ ಮೇಲೆ ಹಾದುಹೋಯಿತು.

ಅವಳು ಕಿರುಚಲಿಲ್ಲ. ಹಂಸಾ ಓಡಿ ಬಂದು ತಲೆ ಎತ್ತಿ ಹಿಡಿದಾಗ, "ನನ್ನ ಬೂಟು ಎಲ್ಲೈತೆ ನೋಡೇ. ಹೊಸಾದು ಅದು," ಎಂದಳು.

ಬೂಟು ಕಾಲಿನಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಆ ಆಸ್ಪತ್ರೆಯ ಬಟ್ಟೆಗಳು ಬರುತ್ತಿದ್ದುದು ಇವರ ಲಾಂಡ್ರಿಗೇ. ಎರಡು ದಿನ ಕಳೆದು ಹಂಸಾ ಕೆಲಸಕ್ಕೆ ಬಂದಳು. ರಜೆ ಹಾಕಿದರೆ ಮುಂದಿನ ವಾರದ ಶಿಫ್ಟು ಸಿಗುವುದಿಲ್ಲ. ಆಪರೇಷನ್ ಥಿಯೇಟರಿನ ಚೀಲಗಳು ಬೆಲ್ಟಿನ ಮೇಲೆ ಸಾಲಾಗಿ ಬಂದವು. ಒಂದೊಂದನ್ನೂ ಬಿಚ್ಚಿ, ರಕ್ತದ ಚಾದರ ಒಂದು ಕಡೆ, ಮಲದ ಚಾದರ ಒಂದು ಕಡೆ, ಬರೀ ಬೆವರಿನದು ಒಂದು ಕಡೆ ಎಸೆಯಬೇಕು. ಮಡಿಕೆಯಲ್ಲಿ ಕತ್ತರಿ ಸಿಗುತ್ತದೆ. ಒಮ್ಮೊಮ್ಮೆ ಸೂಜಿ. ಗ್ಲೌಸಿನೊಳಗೆ ಬೆವರು ತುಂಬಿ ಬೆರಳ ತುದಿಗಳು ಬೆಳ್ಳಗೆ ಮುದುರುತ್ತವೆ. ಹಂಸಾ ಒಂದು ಚಾದರ ಹಿಡಿದು ನಿಂತುಬಿಟ್ಟಳು. ಇದು ಸುಮತಕ್ಕನದೇ ಇರಬಹುದು ಅನ್ನಿಸಿತು. ಯಾರದು ಎಂದು ತಿಳಿಯುವ ದಾರಿ ಇರಲಿಲ್ಲ.

"ಹ್ಯಾಂಸ್, ಬೆಲ್ಟ್!" ಎಂದು ಸೂಪರ್‌ವೈಸರ್ ಕೂಗಿದ.

ಅವಳು ಚಾದರವನ್ನು ಎಸೆದಳು. ಮುಂದಿನ ಚೀಲ ಬಿಚ್ಚಿದಳು.

ಲಾಂಡ್ರಿಯ ಮಾಲೀಕ ಗ್ರೆಗ್ ಆಸ್ಪತ್ರೆಗೆ ಹೂವು ಕಳಿಸಿದ. ಜೊತೆಗೆ ಒಂದು ಮಾತನ್ನೂ ಕಳಿಸಿದ. ಆದದ್ದು ಗೇಟಿನ ಹೊರಗೆ. ದಾರಿಯಲ್ಲಿ ಆದದ್ದು ಕೆಲಸದಲ್ಲಿ ಆದದ್ದಲ್ಲ.

ಸುಮತಿ ದಾವಣಗೆರೆಯವಳು. ಗಂಡ ಬಸವಂತಪ್ಪ ವೆಲ್ಡರ್. ಅವನ ಕೆಲಸದ ವೀಸಾದ ಬಾಲ ಹಿಡಿದು ಬಂದವಳು ಅವಳು. ಹಂಸಾ ಮೈಸೂರಿನವಳು, ಪೌರಕಾರ್ಮಿಕರ ಕಾಲೊನಿಯವಳು. ತಾಯಿ ಇಂದಿರಮ್ಮ ನಗರಪಾಲಿಕೆಯ ಕಸ ಗುಡಿಸಿ, ಚರಂಡಿ ಬಳಿದು ಮಗಳನ್ನು ಓದಿಸಿದಳು. ಚುನಾವಣೆ ಬಂದಾಗ ಕಾಲೊನಿಗೆ ಕಾರುಗಳು ಬರುತ್ತಿದ್ದವು. ಇಂದಿರಮ್ಮನ ಕೈ ಹಿಡಿದು "ಅವ್ವಾ" ಎನ್ನುತ್ತಿದ್ದರು. ಚುನಾವಣೆ ಮುಗಿದ ಮೇಲೆ ಅದೇ ಕೈಗೆ ಗ್ಲೌಸು ಕೊಡಿ ಎಂದು ಕೇಳಲು ಹೋದರೆ ಗೇಟಿನ ಹೊರಗೆ ನಿಲ್ಲಿಸುತ್ತಿದ್ದರು. ಆದರೂ ಇಂದಿರಮ್ಮ ಒಂದು ಚುನಾವಣೆಯನ್ನೂ ಬಿಟ್ಟವಳಲ್ಲ. ಬೆರಳಿನ ಶಾಯಿ ಮಾಸುವವರೆಗೆ ಆ ಕೈಯಲ್ಲಿ ಪೊರಕೆ ಹಿಡಿಯುವಾಗ ಅವಳಿಗೆ ಏನೋ ಬಿಗುಮಾನ.

ಹಂಸಾ ಮೊದಲು ಬಂದದ್ದು ಅಡಿಲೇಡಿಗೆ, ಓದಲು. ಓದುತ್ತಲೇ ಗ್ಲೆನೆಲ್ಗ್‌ನ ಕಡಲಂಚಿನ ಅಪಾರ್ಟ್‌ಮೆಂಟುಗಳ ಕಕ್ಕಸು ತೊಳೆದಳು. ಅಲ್ಲಿ ಒಂದು ಸಲ ಕೌನ್ಸಿಲ್, ಅಂದರೆ ಊರಿನ ಪಾಲಿಕೆಯ, ಚುನಾವಣೆಯಲ್ಲಿ ಮತ ಹಾಕಿದ್ದಳು. ಆ ರಾಜ್ಯದಲ್ಲಿ ಪೌರತ್ವ ಇಲ್ಲದವರೂ ಊರಿನ ಚುನಾವಣೆಗೆ ಹೆಸರು ಬರೆಸಬಹುದಿತ್ತು. ಮನೆಗೇ ಲಕೋಟೆ ಬಂತು. ಅಡುಗೆಮನೆಯ ಮೇಜಿನ ಮುಂದೆ ಕೂತು ಮತಪತ್ರ ತುಂಬಿದಳು. ಆಮೇಲೆ ಕೆಲಸ ಹುಡುಕಿಕೊಂಡು ಪರ್ತ್‌ಗೆ ಬಂದಳು. ವೀಸಾದ ಮೇಲೆ ವೀಸಾ. ಈ ರಾಜ್ಯದಲ್ಲಿ ಪೌರರಿಗೆ ಮಾತ್ರ ಮತ. ಮೈಸೂರಿನ ಪಟ್ಟಿಯಲ್ಲಿ ಅವಳ ಹೆಸರಿತ್ತು, ಆಳಿರಲಿಲ್ಲ. ಇಲ್ಲಿ ಆಳಿತ್ತು, ಹೆಸರಿರಲಿಲ್ಲ.

ಫುಟ್‌ಪಾತ್ ಬೇಕು ಎಂದು ಲಾಂಡ್ರಿಯ ಹೆಂಗಸರು ಕೌನ್ಸಿಲಿಗೆ ಫೋನ್ ಮಾಡಿದರು. ಯಾರೋ ಕೇಳಿಸಿಕೊಂಡರು. ಮತ್ತೆ ಮಾಡಿದರು. ಮತ್ಯಾರೋ ಕೇಳಿಸಿಕೊಂಡರು. ಕೊನೆಗೆ ಒಬ್ಬರು, ವರ್ಷಕ್ಕೊಮ್ಮೆ ಮತದಾರರ ಸಭೆ ಇರುತ್ತದೆ, ಅಲ್ಲಿಗೆ ಬನ್ನಿ ಎಂದರು.

ಹಂಸಾ ಹೋದಳು. ಜೊತೆಗೆ ಫಿಲಿಪೀನ್ಸಿನ ಮಾರಿಸೆಲ್ ಬಂದಳು. ಇಬ್ಬರೂ ಒಂದೇ ಬೆಲ್ಟಿನ ಎದುರು ಬದುರು ನಿಲ್ಲುವವರು. ಸಭಾಂಗಣದಲ್ಲಿ ಒಳ್ಳೆಯ ಕುರ್ಚಿಗಳಿದ್ದವು. ಬಿಸ್ಕತ್ತು, ಚಹಾ ಇತ್ತು. ಹಂಸಾಳ ಸರದಿ ಬಂದಾಗ ಎದ್ದು ನಿಂತು ಸುಮತಿಯ ಕಾಲಿನ ವಿಷಯ ಶುರು ಮಾಡಿದಳು.

ಅಧ್ಯಕ್ಷತೆ ವಹಿಸಿದ್ದವನು ಮೆತ್ತಗೆ ತಡೆದ. "ಕ್ಷಮಿಸಿ, ನೀವು ಮತದಾರರೇ?"

"ಅಲ್ಲ. ಆದರೆ ಇದೇ ಊರಲ್ಲಿ ಬಾಡಿಗೆಗೆ ಇದ್ದೀನಿ. ಇಲ್ಲೇ ಕೆಲಸ ಮಾಡ್ತೀನಿ."

"ಇದು ಮತದಾರರ ಸಭೆ. ನೀವು ಕೂತು ಕೇಳಬಹುದು."

"ಅಡಿಲೇಡಲ್ಲಿ ನಾನು ಮತ ಹಾಕಿದ್ದೆ."

"ಅದು ಅಡಿಲೇಡು," ಎಂದ ಅವನು. ಕೆಲವರು ನಕ್ಕರು. ಕೆಟ್ಟ ನಗುವಲ್ಲ. ಬೇಗ ಮನೆಗೆ ಹೋಗಬೇಕಾದವರ ನಗು.

ಆಮೇಲೆ ಗ್ರೆಗ್ ಎದ್ದ. ಹಂಸಾ ಅವನನ್ನು ಅಲ್ಲಿ ನೋಡುವೆನೆಂದು ಎಣಿಸಿರಲಿಲ್ಲ. ಅವನ ಮನೆ ಇರುವುದು ಪರ್ತ್‌ನ ಆಚೆ ತುದಿಯಲ್ಲಿ, ಸಮುದ್ರದ ಪಕ್ಕ, ಬೇರೆ ಕೌನ್ಸಿಲಿನಲ್ಲಿ. ಆದರೆ ಲಾಂಡ್ರಿಯ ಕಟ್ಟಡ ಅವನ ಕಂಪನಿಯದು. ಕಂಪನಿಯ ಪರವಾಗಿ ಅವನಿಗೆ ಇಲ್ಲಿ ಮತವಿತ್ತು. ಅವನಿಗೂ, ಅವನ ಕಂಪನಿಯ ಇನ್ನೊಬ್ಬ ಪಾಲುದಾರನಿಗೂ. ಇಲ್ಲಿ ಮಲಗಿ ಏಳುವ ಹಂಸಾಳಿಗೆ ಇರಲಿಲ್ಲ. ತಗಡಿನ ಶೆಡ್ಡಿಗೆ ಇತ್ತು.

"ನಡೆದದ್ದು ದುಃಖದ ವಿಷಯ," ಎಂದ ಗ್ರೆಗ್. "ಆದರೆ ಅಂಚಿಗೆಲ್ಲ ಕಾಂಕ್ರೀಟು ಹಾಕಿದರೆ ಲಾರಿಗಳು ಎಲ್ಲಿ ನಿಲ್ಲಬೇಕು? ಇದು ಕೈಗಾರಿಕೆಯ ರಸ್ತೆ. ಇಲ್ಲಿ ಯಾರೂ ನಡೆಯುವುದಿಲ್ಲ."

ಯಾರೂ ನಡೆಯುವುದಿಲ್ಲ. ನಡೆಯುವವರು ಹಿಂದಿನ ಸಾಲಿನಲ್ಲಿ ಕೂತಿದ್ದರು.

ಫುಟ್‌ಪಾತ್ ಬೇಕೆನ್ನುವವರು ಕೈ ಎತ್ತಿ ಎಂದಾಗ ಮಾರಿಸೆಲ್ ತಟ್ಟನೆ ಕೈ ಎತ್ತಿದಳು. ಹಂಸಾಳೂ ಎತ್ತಿದಳು. ಕೌನ್ಸಿಲಿನ ಹುಡುಗಿಯೊಬ್ಬಳು ಬಗ್ಗಿ ಬಂದು ಕಿವಿಯ ಹತ್ತಿರ ಹೇಳಿದಳು: "ದಯವಿಟ್ಟು ಕೈ ಇಳಿಸಿ. ಎಣಿಕೆ ತಪ್ಪುತ್ತದೆ."

ಇಳಿಸಿದರು. ಫುಟ್‌ಪಾತಿನ ಪ್ರಸ್ತಾಪ ಬಿದ್ದುಹೋಯಿತು.

ಆ ವರ್ಷವೇ, ಎರಡು ಸಾವಿರದ ಹದಿನೇಳರಲ್ಲಿ, ರಾಜ್ಯದ ಪಾರ್ಲಿಮೆಂಟಿನಲ್ಲಿ ಒಬ್ಬ ಸದಸ್ಯೆ ಒಂದು ಮಸೂದೆ ತಂದಳು. ಊರಿನಲ್ಲಿ ವಾಸ ಇರುವವರು ಯಾವ ದೇಶದವರೇ ಆಗಲಿ, ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು ಎಂಬ ಮಸೂದೆ. ಅದಕ್ಕೆ ಒಂದು ಮುಖ ಬೇಕಾಗಿತ್ತು. ಮುಖ ಹುಡುಕಿಕೊಂಡು ಬಾಲಸುಬ್ರಹ್ಮಣ್ಯ ಹಂಸಾಳ ಬಾಡಿಗೆ ಮನೆಗೆ ಬಂದರು.

ಬಾಲಸುಬ್ರಹ್ಮಣ್ಯ ಗಣಿ ಕಂಪನಿಯಲ್ಲಿ ಎಂಜಿನಿಯರ್. ಇಲ್ಲಿನ ಪೌರತ್ವ ಪಡೆದು ಬಹಳ ಕಾಲವಾಗಿತ್ತು. ಪರ್ತ್‌ನ ಕನ್ನಡದವರ ಸಂಘಕ್ಕೆ ಅಧ್ಯಕ್ಷರು. ಎಲ್ಲರಿಗೂ ಬಾಲು ಅಂಕಲ್. ಹಂಸಾ ಅವರ ಸಂಘದ ಯುಗಾದಿ ಊಟಕ್ಕೆ ಒಂದೇ ಒಂದು ಸಲ ಹೋಗಿದ್ದಳು. "ಮೈಸೂರಾ? ಮೈಸೂರಲ್ಲಿ ಎಲ್ಲಿ?" ಎಂದು ಆಸೆಯಿಂದ ಕೇಳಿದ್ದರು ಅವರ ಹೆಂಡತಿ ಅಹಲ್ಯಾ. ಹಂಸಾ ಹೇಳಿದಳು. "ಓ," ಎಂದರು ಅವರು. ಊಟವಾದ ಮೇಲೆ ಎಲೆ ಎತ್ತುವವರು ಬೇಕಾದಾಗ ಅವರ ಕಣ್ಣು ನೇರ ಹಂಸಾಳ ಮೇಲೆ ಬಂತು. "ನೀನು ಸ್ವಲ್ಪ ನೋಡ್ಕೊಂಡ್ಬಿಡಮ್ಮ. ನಿಂಗೆ ಅಭ್ಯಾಸ ಇರತ್ತಲ್ಲ."

ಹಂಸಾ ಅವತ್ತು ಎಲೆ ಎತ್ತಿದ್ದಳು. ಮತ್ತೆ ಆ ಕಡೆ ಹೋಗಲಿಲ್ಲ.

ಈಗ ಬಾಲು ಅಂಕಲ್ ಜೊತೆ ಒಬ್ಬ ಹುಡುಗಿ ಬಂದಿದ್ದಳು. ನಿಹಾರಿಕಾ. ಇಲ್ಲೇ ಹುಟ್ಟಿದವಳು, ಮಸೂದೆ ತಂದ ಸದಸ್ಯೆಯ ಕಚೇರಿಯಲ್ಲಿ ಕೆಲಸ. ಕನ್ನಡ ಪೂರಾ ತಿಳಿಯುತ್ತಿತ್ತು, ಮಾತು ಮಾತ್ರ ಇಂಗ್ಲಿಷಿಗೆ ಜಾರುತ್ತಿತ್ತು.

"ಟೀ ಮಾಡ್ತೀನಿ," ಎಂದಳು ಹಂಸಾ.

"ಬೇಡಮ್ಮ ಬೇಡ, ಈಗ ತಾನೇ ಕುಡ್ಕೊಂಡ್ ಬಂದೆ," ಎಂದರು ಬಾಲು ಅಂಕಲ್, ಬಲು ಬೇಗ.

ನಿಹಾರಿಕಾ, "ಐ ವುಡ್ ಲವ್ ಸಮ್," ಎಂದಳು. ಕುಡಿದಳು.

"ನೋಡಮ್ಮ," ಎಂದು ಬಾಲು ಅಂಕಲ್ ವಿವರಿಸಿದರು. "ಬುಧವಾರ ಮಧ್ಯಾಹ್ನ ಡಿಬೇಟ್ ಇದೆ. ನೀನು, ಆ ಕಾಲು ಹೋಯ್ತಲ್ಲ ಆಕೆ, ಇಬ್ರೂ ಗ್ಯಾಲರೀಲಿ ಕೂತಿದ್ರೆ ಸಾಕು. ಮಾತಾಡೋದೇನಿಲ್ಲ. ಮೇಡಮ್ಮೇ ನಿಮ್ಮ ಕಥೆ ಹೇಳ್ತಾರೆ. ಆಮೇಲೆ ಹೊರಗಡೆ ಒಂದು ಫೋಟೋ. ರೇಷ್ಮೆ ಸೀರೆ ಉಟ್ಕೊಂಡ್ ಬಾ."

"ಮಸೂದೆ ಪಾಸಾದ್ರೆ ನಂಗೆ ವೋಟ್ ಬರತ್ತಾ?" ಎಂದು ಹಂಸಾ ನಿಹಾರಿಕಾಳನ್ನೇ ಕೇಳಿದಳು.

"ಯೆಸ್. ಎವ್ರಿಬಡಿ. ಇಲ್ಲಿ ಇರೋರು ಎಲ್ಲಾ," ಎಂದಳು ಹುಡುಗಿ. ಅವಳ ಮುಖದಲ್ಲಿ ಸುಳ್ಳು ಇರಲಿಲ್ಲ.

ಬುಧವಾರ ಹಂಸಾ ಬೆಳಗಿನ ಶಿಫ್ಟು ಮುಗಿಸಿ ನೇರ ಪಾರ್ಲಿಮೆಂಟಿಗೆ ಹೋದಳು. ನಿಂತು ನಿಂತು ಪಾದ ಊದಿಕೊಂಡಿತ್ತು. ಕೈ ಎಷ್ಟು ತೊಳೆದರೂ ಬ್ಲೀಚಿನ ವಾಸನೆ ಹೋಗಿರಲಿಲ್ಲ. ಗಟ್ಟಿ ಕಲ್ಲಿನ ದೊಡ್ಡ ಕಟ್ಟಡ, ಗುಡ್ಡದ ಮೇಲೆ. ಕೆಳಗೆ ಫ್ರೀವೇಯಲ್ಲಿ ಕಾರುಗಳು. ಬಾಗಿಲಿಗೆ ಬರುವ ದಾರಿಗೆ ಅಗಲವಾದ, ನುಣುಪಾದ ಕಲ್ಲುಹಾಸು ಇತ್ತು.

ಬಾಲು ಅಂಕಲ್ ಅವಳ ಪ್ಯಾಂಟು ಅಂಗಿ ನೋಡಿ ಮುಖ ಸಣ್ಣ ಮಾಡಿದರು. "ಸೀರೆ ಹೇಳಿದ್ನಲ್ಲಮ್ಮ."

"ಕೆಲ್ಸದಿಂದ ಬಂದೆ ಅಂಕಲ್."

ಬಸವಂತಪ್ಪ ಹೆಂಡತಿಯ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಸುಮತಿ ಮಾತ್ರ ಸೀರೆ ಉಟ್ಟಿದ್ದಳು. ಮೊಣಕಾಲಿನ ಕೆಳಗೆ ಸೀರೆಯ ನೆರಿಗೆ ಖಾಲಿ ಬಿದ್ದಿತ್ತು. ಗ್ಯಾಲರಿಯಲ್ಲಿ ಗಾಲಿಕುರ್ಚಿಗೆ ಜಾಗ ಹಿಂದಿನ ಗೋಡೆಯ ಪಕ್ಕ. ಮುಂದಿನ ಕಟಕಟೆ ಅಡ್ಡ ಬಂದು ಅಲ್ಲಿಂದ ಕೆಳಗಿನ ಸಭೆ ಕಾಣುತ್ತಿರಲಿಲ್ಲ. ಹಂಸಾ ಅವಳ ಮುಂದಿನ ಸಾಲಿನಲ್ಲಿ ಕೂತಳು.

"ಏನ್ ಕಾಣುತ್ತೆ ಅಕ್ಕ?"

"ಚಾವಣಿ," ಎಂದಳು ಸುಮತಿ. "ಚೆನ್ನಾಗೈತೆ."

ಕೆಳಗೆ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ. ಇದ್ದವರು ಮೊಬೈಲು ನೋಡುತ್ತಿದ್ದರು. ಒಬ್ಬ ಸದಸ್ಯ ಎದ್ದು, ಮತ ಎಂದರೆ ಈ ನೆಲಕ್ಕೆ ತೋರುವ ನಿಷ್ಠೆ, ಬೇಕಾದವರು ಪೌರತ್ವ ಪಡೆಯಲಿ, ಬಾಗಿಲು ತೆರೆದೇ ಇದೆ ಎಂದ. ಹಂಸಾಳಿಗೆ ಆ ಬಾಗಿಲು ಗೊತ್ತಿತ್ತು. ಅದರ ಮುಂದೆ ಇನ್ನೊಂದು ಬಾಗಿಲು. ಅದರ ಮುಂದೆ ಮತ್ತೊಂದು. ಒಂದೊಂದಕ್ಕೂ ಇಂಗ್ಲಿಷ್ ಪರೀಕ್ಷೆ, ವೈದ್ಯರ ಪರೀಕ್ಷೆ, ಮಾಲೀಕನ ಸಹಿ. ಇನ್ನೊಬ್ಬ, ಇವರೆಲ್ಲ ಬಂದು ಹೋಗುವವರು, ಊರಿನ ಮುಂದಿನ ದಿನಗಳ ಬಗ್ಗೆ ಇವರಿಗೆ ಏನು ಹೊಣೆ ಎಂದ. ಮತ್ತೊಬ್ಬ ತನ್ನ ಕ್ಷೇತ್ರದ ಗೋದಾಮು ಮಾಲೀಕರ ಆತಂಕ ಓದಿ ಹೇಳಿದ.

ಹಂಸಾಳ ಕಣ್ಣು ಎಳೆಯುತ್ತಿತ್ತು. ಅವರು ಬೈಯುತ್ತಿದ್ದರೆ ಎಚ್ಚರವಾಗಿ ಇರಬಹುದಿತ್ತು. ಅವರು ಬೈಯುತ್ತಿರಲಿಲ್ಲ. ಎಲ್ಲ ತಣ್ಣಗೆ, ಮರ್ಯಾದೆಯಿಂದ. ಮಳೆನೀರಿನ ಚರಂಡಿಯ ಬಗ್ಗೆ ಮಾತಾಡಿದ ಹಾಗೆ.

ಆಮೇಲೆ ಮಸೂದೆಯ ಸದಸ್ಯೆ ಎದ್ದಳು. ಸುಮತಿಯ ಕಥೆ ಹೇಳಿದಳು. ಅವಳ ಬಾಯಲ್ಲಿ ಸುಮತಿ ಸುಮಾಟಿ ಆದಳು. ಮಳೆ, ಕತ್ತಲು, ಲಾರಿ ಎಲ್ಲ ಬಂತು. ಗ್ರೆಗ್‌ನ ಮಾತು ಬರಲಿಲ್ಲ. ಮತದಾರರ ಸಭೆ ಬರಲಿಲ್ಲ. "ಆಕೆ ಇಂದು ನಮ್ಮೊಂದಿಗಿದ್ದಾರೆ," ಎಂದು ಗ್ಯಾಲರಿಯತ್ತ ಕೈ ತೋರಿಸಿದಳು. ಕೆಳಗಿದ್ದವರೆಲ್ಲ ಕತ್ತೆತ್ತಿದರು. ಗೋಡೆಯ ಪಕ್ಕದ ಗಾಲಿಕುರ್ಚಿ ಅವರಿಗೆ ಕಾಣಲಿಲ್ಲ. ಕಂಡದ್ದು ಹಂಸಾ. ಎಲ್ಲರೂ ಹಂಸಾಳನ್ನು ನೋಡಿ ಕನಿಕರದಿಂದ ತಲೆದೂಗಿದರು. ಒಬ್ಬಾಕೆ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಆಕೆಯ ಮನಸ್ಸಿನಲ್ಲಿ ಯಾವ ಕಹಿಯೂ ಇಲ್ಲ," ಎಂದಳು ಸದಸ್ಯೆ.

"ಏನಂತೆ?" ಎಂದು ಸುಮತಿ ಹಿಂದಿನಿಂದ ಪಿಸುಗುಟ್ಟಿದಳು. "ನನ್ನ ಹೆಸರು ಕೇಳಿದಂಗಾಯ್ತು."

"ನಿಂಗೆ ಕಹಿ ಇಲ್ವಂತೆ ಅಕ್ಕ."

ಸುಮತಿ ಮುಂದಕ್ಕೆ ಬಾಗಿದಳು. "ಇವರಿಗೆ ಯಾರು ಹೇಳಿದ್ರು?"

ಸದಸ್ಯೆ ನೀರು ಕುಡಿದು ಮುಂದುವರಿಸಿದಳು. ಎದುರು ಪಕ್ಷದವರ ಜೊತೆ ಮಾತುಕತೆ ಆಗಿದೆ. ಅವರ ಆತಂಕಕ್ಕೆ ಗೌರವ ಕೊಟ್ಟು ನಾನೇ ಒಂದು ತಿದ್ದುಪಡಿ ತರುತ್ತಿದ್ದೇನೆ. ಮತ ಎಲ್ಲ ವಾಸಿಗಳಿಗೂ ಅಲ್ಲ. ಕಾಯಂ ವಾಸದ ಹಕ್ಕಿದ್ದು, ಈ ಊರಿನಲ್ಲಿ ಸ್ವಂತ ಮನೆ ಇರುವವರಿಗೆ ಮಾತ್ರ. ಇದು ಸಮತೋಲನದ ಹೆಜ್ಜೆ.

ಹಂಸಾಳ ನಿದ್ದೆ ಹಾರಿಹೋಯಿತು. ಸ್ವಂತ ಮನೆ. ಅವಳು ತಲೆ ತಿರುಗಿಸಿ ನಿಹಾರಿಕಾಳನ್ನು ನೋಡಿದಳು. ಹುಡುಗಿಯ ಮುಖ ಕೆಂಪಾಗಿತ್ತು. ಅವಳಿಗೂ ಈಗಲೇ ತಿಳಿದದ್ದು. ಬಾಲು ಅಂಕಲ್ ಕೆಳಗಿನ ಸಭೆಯನ್ನೇ ನೋಡುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು.

ಹಂಸಾ ಎದ್ದು ನಿಂತಳು. ಏಕೆ ಎಂದು ಅವಳಿಗೂ ತಿಳಿಯದು. ಕಾವಲಿನವನು ಬಂದು, ಗ್ಯಾಲರಿಯಲ್ಲಿ ಮಾತಾಡುವಂತಿಲ್ಲ, ನಿಲ್ಲುವಂತಿಲ್ಲ ಎಂದ.

ಅವಳು ಕೂತಳು. ಕಾಲು ನೋಯುತ್ತಿತ್ತು.

ಚರ್ಚೆಯನ್ನು ಮುಂದೂಡಿದರು. ಎಲ್ಲರೂ ಹೊರಗೆ ಬಂದರು. ಮೆಟ್ಟಿಲ ಮೇಲೆ ಸಂಘದವರು ಸೇರಿದ್ದರು, ಒಳ್ಳೆಯ ಬಟ್ಟೆ ಹಾಕಿಕೊಂಡು. ಸದಸ್ಯೆ ಎಲ್ಲರ ಕೈ ಕುಲುಕಿದಳು. ಫೋಟೋದವನು ಕ್ಯಾಮೆರಾ ಹಿಡಿದು ಬೆಳಕು ನೋಡುತ್ತಿದ್ದ. ಬಾಲು ಅಂಕಲ್ ಸುಮತಿಯ ಕುರ್ಚಿಯನ್ನು ಎಲ್ಲರ ಮುಂದೆ ತಂದು ನಿಲ್ಲಿಸಿದರು. ಈಗ ಅವಳು ಮುಂದೆ. ಸೀರೆಯ ಖಾಲಿ ನೆರಿಗೆ ಕಾಣುವ ಹಾಗೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿದರು. ಹಂಸಾಳ ಕೈಗೆ ಒಂದು ರಟ್ಟಿನ ಬೋರ್ಡು ಕೊಟ್ಟರು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು: ನಮ್ಮ ಊರು, ನಮ್ಮ ಮತ.

"ಇದ್ರಲ್ಲಿ ನಮ್ಮ ಅಂದ್ರೆ ಯಾರು ಅಂಕಲ್?"

"ಈಗ ಬೇಡಮ್ಮ. ಫೋಟೋ ಆಗ್ಲಿ."

"ಇಲ್ಲ, ಹೇಳಿ. ನಂಗೆ ಮನೆ ಇಲ್ಲ. ಅಕ್ಕಂಗೂ ಇಲ್ಲ. ಕಾಯಂ ವೀಸಾನೂ ಇಲ್ಲ. ಮತ್ಯಾರ ಮತ ಇದು?"

ಅವರು ದನಿ ತಗ್ಗಿಸಿದರು. "ಎಲ್ಲಾ ಒಂದೇ ಸಲ ಸಿಗಲ್ಲಮ್ಮ. ಮೊದ್ಲು ಮನೆ ಇರೋರು ಒಳಗೆ ಹೋಗ್ಲಿ. ಆಮೇಲೆ ಅವರೇ ನಿಮ್ಮನ್ನೂ ಕರ್ಕೋತಾರೆ. ಯಾರಾದ್ರೂ ಮೊದ್ಲು ಹೋಗ್ಬೇಕಲ್ವಾ?"

"ಈ ಮಾತು ಕೇಳ್ಕೊಂಡೇ ನಮ್ಮವ್ವ ಮುದುಕಿ ಆದ್ಲು," ಎಂದಳು ಹಂಸಾ. "ಮೊದ್ಲು ಹೋದೋರು ಒಬ್ರೂ ತಿರುಗಿ ಬರ್ಲಿಲ್ಲ."

"ಸ್ವಲ್ಪ ಕೃತಜ್ಞತೆ ಇರ್ಬೇಕು. ಇಷ್ಟು ಜನ ನಿಮಗೋಸ್ಕರ ಬಂದಿದ್ದಾರೆ."

"ನಮಗೋಸ್ಕರ ಅಲ್ಲ. ನಮ್ಮನ್ನ ತೋರ್ಸೋಕೆ ಬಂದಿದ್ದೀರಿ."

ಅವಳ ದನಿ ಏರಲಿಲ್ಲ. ಏರಿಸುವಷ್ಟು ಶಕ್ತಿ ಉಳಿದಿರಲಿಲ್ಲ. ಬೋರ್ಡನ್ನು ಅಹಲ್ಯಾ ಅವರ ಕೈಗೆ ಕೊಟ್ಟಳು. "ನೀವೇ ಹಿಡ್ಕೊಳ್ಳಿ ಆಂಟಿ. ನಂಗೆ ಇದು ಅಭ್ಯಾಸ ಇಲ್ಲ." ಆಮೇಲೆ ಸುಮತಿಯ ಕುರ್ಚಿಯ ಹಿಂದೆ ಹೋಗಿ ನಿಂತಳು. "ಅಕ್ಕ, ನಿಂಗೆ ಫೋಟೋ ಬೇಕಾ?"

ಸುಮತಿ ಸೀರೆಯ ನೆರಿಗೆ ಎಳೆದು ಮುಚ್ಚಿಕೊಂಡಳು. "ಮನೆಗೆ ಹೋಗಣ ನಡಿಯೇ. ಸುಸ್ತಾಗೈತೆ."

ಹೋದರು. ಬಸವಂತಪ್ಪ ಕುರ್ಚಿ ತಳ್ಳಿದ. ಹಿಂದೆ ಯಾರೋ, "ಇಂಥೋರ್ನ ಕರೀಬಾರ್ದಿತ್ತು," ಎಂದದ್ದು ಕೇಳಿಸಿತು. ನಿಹಾರಿಕಾ ಗೇಟಿನವರೆಗೆ ಓಡಿ ಬಂದಳು. "ಹಂಸಾ, ಐ ಡಿಡಂಟ್ ನೋ. ನಂಗೆ ಗೊತ್ತಿರ್ಲಿಲ್ಲ." ಅವಳ ಕಣ್ಣಲ್ಲಿ ನೀರಿತ್ತು.

"ಗೊತ್ತಮ್ಮ," ಎಂದಳು ಹಂಸಾ. ಅದಕ್ಕಿಂತ ಹೆಚ್ಚು ಸಮಾಧಾನ ಹೇಳುವ ಮನಸ್ಸು ಅವಳಿಗೆ ಇರಲಿಲ್ಲ.

ಆ ಮಸೂದೆ ಮತ್ತೆ ಚರ್ಚೆಗೆ ಬರಲಿಲ್ಲ. ತಿದ್ದಿದ ರೂಪದಲ್ಲೂ ಇಲ್ಲ, ತಿದ್ದದ ರೂಪದಲ್ಲೂ ಇಲ್ಲ. ಬೇರೆ ಬೇರೆ ಕೆಲಸಗಳು ಮುಂದೆ ಬಂದವು, ಅದು ಹಿಂದೆ ಬಿತ್ತು. ಅಷ್ಟೇ. ಅತ್ತ ಲಾಂಡ್ರಿಯಲ್ಲಿ ಹಂಸಾಳಿಗೆ ಬರುತ್ತಿದ್ದ ಶಿಫ್ಟುಗಳು ಕಡಿಮೆಯಾದವು. "ಪಾರ್ಲಿಮೆಂಟಿಗೆ ಹೋಗೋರಿಗೆ ಇಲ್ಲಿ ಯಾಕೆ ಕೆಲಸ?" ಎಂದು ಸೂಪರ್‌ವೈಸರ್ ತಮಾಷೆ ಮಾಡಿದ. ತಮಾಷೆಯೋ ಅಲ್ಲವೋ, ವಾರವಾರ ಶಿಫ್ಟು ತಿಳಿಸುವ ಮೆಸೇಜು ಮಾತ್ರ ಕುಗ್ಗಿತು.

ಬಸವಂತಪ್ಪನಿಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿತು. ಗಂಡ ಹೆಂಡತಿ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಎಂಬ ಹೊಸ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದರು. ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಹಂಸಾ ವೆಲ್ಷ್‌ಪೂಲಿನಲ್ಲಿ ರೈಲು ಇಳಿಯುತ್ತಿರುವಾಗ ಸುಮತಿಯ ಫೋನ್ ಬಂತು. ಅಲ್ಲಿ ಆಗಲೇ ಬೆಳಕಾಗಿತ್ತು.

"ಊರು ಹೆಂಗಿದೆ ಅಕ್ಕ?"

"ಭಾರಿ ಚೆನ್ನಾಗೈತೆ ಕಣೇ. ಕೆರೆ ಐತೆ. ಕೆರೆ ಸುತ್ತ ಫುಟ್‌ಪಾತು. ಮನೆ ಮುಂದೆ ಫುಟ್‌ಪಾತು. ಎಲ್ಲಿ ನೋಡಿದ್ರೂ ಫುಟ್‌ಪಾತು. ನಾಯಿ ಕರ್ಕೊಂಡು ನಡೀತಾರೆ." ಆಮೇಲೆ ಸೇರಿಸಿದಳು: "ಕಿಟಕೀಲಿ ಕೂತು ನೋಡ್ತೀನಿ."

ಹಂಸಾ ಪ್ಲಾಟ್‌ಫಾರ್ಮ್ ದಾಟಿ ಹೊರಗಿನ ಕತ್ತಲೆಯ ಕಡೆ ನಡೆದಳು.

"ಕೇಳಿಸ್ತೈತಾ?"

"ಕೇಳಿಸ್ತಿದೆ ಅಕ್ಕ. ಶಿಫ್ಟಿಗೆ ಹೊತ್ತಾಯ್ತು. ಇಡ್ತೀನಿ."

ಫೋನನ್ನು ಜೇಬಿಗೆ ಹಾಕಿದಳು. ಸ್ಟೇಷನ್ನಿನ ಹೊರಗೆ ಮಾರಿಸೆಲ್ ಕಾಯುತ್ತಿದ್ದಳು. ಜೊತೆಗೆ ಲಾಂಡ್ರಿಯ ಉಳಿದ ಹೆಂಗಸರು, ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು, ಕೈಯಲ್ಲಿ ಊಟದ ಡಬ್ಬಿ ಹಿಡಿದು. ಎಂದಿನಂತೆ ಅಂಚಿನ ಕೆಸರಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೊರಟರು. ಮೊದಲನೆಯ ಲಾರಿ ಅಡ್ಡ ಬಂತು. ಹಂಸಾ ರಸ್ತೆಗೆ ಇಳಿದಳು. ಲಾರಿ ದಾಟಿದಳು. ಮತ್ತೆ ಅಂಚಿಗೆ ಹತ್ತಬೇಕು. ಹತ್ತಲಿಲ್ಲ.

"ಹಂಸಾ?" ಎಂದಳು ಮಾರಿಸೆಲ್.

"ನಾನು ಇಲ್ಲೇ ನಡೀತೀನಿ," ಎಂದಳು ಹಂಸಾ, ಇಂಗ್ಲಿಷಿನಲ್ಲಿ. ರಸ್ತೆಯ ನಡುವಿಗೆ ಹೋಗಿ ನಡೆಯತೊಡಗಿದಳು.

ಮಾರಿಸೆಲ್ ಒಂದು ಗಳಿಗೆ ನಿಂತಳು. ತನ್ನ ಬೂಟಿನ ಕೆಸರನ್ನು ಡಾಂಬರಿಗೆ ಒರೆಸಿದಳು. ಬಂದು ಹಂಸಾಳ ಪಕ್ಕದಲ್ಲಿ ನಡೆದಳು. ಉಳಿದವರೂ ಬಂದರು. ಯಾರೂ ಘೋಷಣೆ ಕೂಗಲಿಲ್ಲ. ಕೆಲಸಕ್ಕೆ ಹೋಗುವವರ ಹಾಗೆಯೇ ಹೋದರು, ತಲೆ ತಗ್ಗಿಸಿ, ಚಳಿಗೆ ಕೈ ಜೇಬಿಗೆ ಹಾಕಿ.

ಹಿಂದಿನಿಂದ ಲಾರಿಯೊಂದು ಬಂತು. ಹೆಡ್‌ಲೈಟು ಇವರ ನೆರಳುಗಳನ್ನು ಉದ್ದಕ್ಕೆ ಚೆಲ್ಲಿತು. ಹಾರ್ನ್ ಬಾರಿಸಿತು. ಇವರು ನಡೆದರು. ಮತ್ತೆ ಬಾರಿಸಿತು. ಹಂಸಾಳ ಬೆನ್ನಿನ ಚರ್ಮವೆಲ್ಲ ಬಿಗಿದುಕೊಂಡಿತು. ಆದರೂ ತಿರುಗಲಿಲ್ಲ. ಲಾರಿ ಬುಸ್ಸೆಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. ನರೆತ ಗಡ್ಡದವನು.

"ಹುಚ್ಚು ಹಿಡಿದಿದೆಯಾ? ಇದು ರಸ್ತೆ!"

"ಗೊತ್ತು," ಎಂದಳು ಹಂಸಾ. "ಕೆಲಸಕ್ಕೆ ಹೋಗ್ತಿದ್ದೀವಿ."

"ಪಕ್ಕದಲ್ಲಿ ಹೋಗಿ!"

"ಇಳಿದು ಬಾ. ಪಕ್ಕ ಎಲ್ಲಿದೆ, ನೀನೇ ತೋರಿಸು."

ಅವನು ಬೈಯುತ್ತಲೇ ಇಳಿದ. ಟಾರ್ಚು ಹಚ್ಚಿ ಅಂಚಿನ ಕಡೆ ಬಿಟ್ಟ. ನಿಂತ ಲಾರಿ, ಚರಂಡಿ, ಕೆಸರು, ಮತ್ತೆ ನಿಂತ ಲಾರಿ. ಟಾರ್ಚನ್ನು ಹೆಂಗಸರ ಕಾಲುಗಳ ಕಡೆ ತಿರುಗಿಸಿದ. ಕೆಸರು ಮೊಣಕಾಲಿನವರೆಗೆ ಹತ್ತಿತ್ತು. "ಕಳೆದ ವರ್ಷ ಕಾಲು ಹೋದದ್ದು ಇಲ್ಲೇನಾ?" ಎಂದು ಕೇಳಿದ.

"ಇಲ್ಲೇ."

ಅವನು ಟಾರ್ಚು ಆರಿಸಿ ಲಾರಿ ಹತ್ತಿದ. ಎರಡೂ ಕಡೆಯ ಹಳದಿ ದೀಪಗಳು ಮಿಣುಕತೊಡಗಿದವು. ಮೊದಲ ಗೇರಿನಲ್ಲಿ, ಇವರು ನಡೆದಷ್ಟೇ ನಿಧಾನವಾಗಿ, ಇವರ ಹಿಂದೆ ಬಂದ. ಅವನ ಹಿಂದೆ ಇನ್ನೊಂದು ಲಾರಿ. ಅದರ ಹಿಂದೆ ಕಾರುಗಳು. ಸಾಲು ಬೆಳೆಯುತ್ತಾ ಹೋಯಿತು. ಹಾರ್ನುಗಳು ದೂರದಿಂದ ಕೇಳಿಸುತ್ತಿದ್ದವು.

ಗೇಟು ಕಾಣುವಷ್ಟರಲ್ಲಿ ಯಾರೋ ಕೂಗುತ್ತಾ ಬರುವುದು ಕೇಳಿಸಿತು. ಗ್ರೆಗ್. ಅವನ ಕಾರು ಸಾಲಿನ ಬಾಲದಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಬಿಟ್ಟು, ಲಾರಿಗಳ ಸಂದಿಯಲ್ಲಿ ಮೈ ಉಜ್ಜಿಕೊಂಡು ನಡೆದು ಬಂದಿದ್ದ. ಪ್ಯಾಂಟು ಕೆಸರಾಗಿತ್ತು. ಉಸಿರು ಹತ್ತಿತ್ತು.

"ಏನಿದು? ಯಾರ ಅಪ್ಪಣೆ ತಗೊಂಡಿದ್ದೀರಿ? ಇಷ್ಟು ಲಾರಿ ನಿಲ್ಲಿಸಿದ್ದೀರಿ! ನಾನೀಗ ಕೌನ್ಸಿಲಿಗೆ ಫೋನ್ ಮಾಡ್ತೀನಿ!"

ಹಂಸಾ ನಿಂತು ಅವನ ಕಡೆ ತಿರುಗಿದಳು. ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು. ಸಿಟ್ಟಿನ ಹಿಂದೆ ಅವನೂ ದಣಿದಿದ್ದ. ಅವಳಿಗೆ ಕನಿಕರ ಬರಲಿಲ್ಲ.

"ಮಾಡಿ," ಎಂದಳು. "ದಯವಿಟ್ಟು ಮಾಡಿ. ನಿಮ್ಮ ಫೋನಾದರೆ ಅವರು ಕೇಳ್ತಾರೆ."

ತಿರುಗಿ ಮತ್ತೆ ನಡೆದಳು. ಮಾರಿಸೆಲ್ ಜೊತೆಗಿದ್ದಳು. ಉಳಿದವರೂ ಇದ್ದರು. ಒಳಗೆ ಬೆಲ್ಟು ಶುರುವಾದ ಸದ್ದು ಕೇಳುತ್ತಿತ್ತು. ಶಿಫ್ಟಿನ ಹೊತ್ತು ಮೀರಿತ್ತು.

ಯಾರೂ ಓಡಲಿಲ್ಲ.